ಬೆಂಗಳೂರಿನ ವಲಸೆ ಕಾರ್ಮಿಕರು ಊರೊಳಗೆ ಹೇಗೆ ಬೆರೆಯುತ್ತಾರೆ: ಅಧ್ಯಯನ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಸಮಾಜಶಾಸ್ತ್ರ, ಸಮಾಜಕಾರ್ಯ ಓದುವವರು ಪ್ರತಿ ವರ್ಷ ಬೆಂಗಳೂರಿನ ಕಟ್ಟಡ ಕಾರ್ಮಿಕರ ಬಗ್ಗೆ ಪ್ರಬಂಧ ಬರೆಯುತ್ತಾರೆ. ಸಂಘಸಂಸ್ಥೆಗಳೂ ಸರ್ವೆ ಮಾಡುತ್ತವೆ. ಹೆಚ್ಚಿನವುಗಳ ಕೊನೆಯ ಪುಟ ಒಂದೇ ಥರ ಇರುತ್ತದೆ: ವಲಸಿಗರಿಗೆ ಸೌಲಭ್ಯ ತಲುಪಿಲ್ಲ, ಅರಿವು ಮೂಡಿಸಬೇಕು. ಕಾರ್ಮಿಕರು ಇರುವ ಒಂದು ಶೆಡ್ಡಿಗೂ ಹೋಗದೆ ಈ ಮಾತು ಬರೆಯಬಹುದಿತ್ತು. ಅಷ್ಟು ಬಿಸಿಲಲ್ಲಿ ತಿರುಗಿ, ಅಷ್ಟು ಜನರ ಸಮಯ ತೆಗೆದುಕೊಂಡು ಹೊಸದೇನೂ ಹೇಳದಿದ್ದರೆ ಅದು ಆ ಜನರಿಗೂ ಅನ್ಯಾಯ.

ತೊಂದರೆ ಶುರುವಾಗುವುದು ಮೊದಲ ಪ್ರಶ್ನೆಯಲ್ಲೇ. "ವಲಸಿಗರು ಸಮಾಜದಲ್ಲಿ ಬೆರೆತಿದ್ದಾರಾ?" ಎಂದು ಕೇಳಿಕೊಂಡು ಹೊರಟರೆ ಉತ್ತರ ಕೈಗೆ ಸಿಗುವುದಿಲ್ಲ. ಅದರ ಬದಲು ಮೂರು ಸಣ್ಣ ಪ್ರಶ್ನೆ ಇಟ್ಟುಕೊಳ್ಳಿ. ಪಡಿತರ ಅಂಗಡಿ, ಶಾಲೆ, ಬಾಡಿಗೆ ಮನೆ, ಹೀಗೆ ಇವರನ್ನು ಯಾವ ಬಾಗಿಲಲ್ಲಿ ತಡೆದರು? ಆ ತಡೆಯ ಹಿಂದೆ ಯಾವ ನಿಯಮ ಇದೆ? ಆ ನಿಯಮ ಅನ್ವಯಿಸದ, ಉಳಿದೆಲ್ಲ ಇವರಂತೆಯೇ ಇರುವ ಜನರಿಗೆ ಅದೇ ಬಾಗಿಲಲ್ಲಿ ಏನಾಯಿತು? ಕೆಳಗಿನ ಹಂತಗಳೆಲ್ಲ ಈ ಮೂರಕ್ಕೆ ಉತ್ತರ ಹುಡುಕುವ ದಾರಿ. ಕ್ರಮ ತಪ್ಪಿಸಬೇಡಿ. ಅದರಲ್ಲೂ ಮೂರನೇ ಹಂತ ಮುಗಿಯುವ ಮೊದಲು ಶೆಡ್ಡಿಗೆ ಹೋಗಬೇಡಿ.

ಮೊದಲೇ ಸಿದ್ಧ ಇರಬೇಕಾದದ್ದು

ಒಂದು ದಪ್ಪ ನೋಟ್ ಪುಸ್ತಕ, ಒಂದು ಸ್ಪ್ರೆಡ್‌ಶೀಟ್, ಧ್ವನಿ ಮುದ್ರಿಸಲು ಫೋನ್. ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಅದಕ್ಕಿಂತ ಮುಖ್ಯವಾದದ್ದು ಭಾಷೆ ಬಲ್ಲ ಒಬ್ಬ ಜೊತೆಗಾರ ಅಥವಾ ಜೊತೆಗಾರ್ತಿ. ಒಡಿಯಾ, ಬಂಗಾಳಿ, ಮೈಥಿಲಿ ಮಾತಾಡುವವರ ಹತ್ತಿರ ಅರ್ಧಂಬರ್ಧ ಹಿಂದಿಯಲ್ಲಿ ಮಾತಾಡಿದರೆ ಅರ್ಧಂಬರ್ಧ ಉತ್ತರವೇ ಸಿಗುತ್ತದೆ.

ರಾಯಚೂರು, ಯಾದಗಿರಿ ಕಡೆಯವರಾದರೆ ಭಾಷೆಯ ಚಿಂತೆ ಇಲ್ಲ ಅಂದುಕೊಳ್ಳಬೇಡಿ. ಅಲ್ಲಿಂದ ಬಂದವರಲ್ಲಿ ಮನೆಯೊಳಗೆ ತೆಲುಗು, ಲಂಬಾಣಿ, ದಖನಿ ಉರ್ದು ಮಾತಾಡುವವರು ಬಹಳ ಜನ ಇದ್ದಾರೆ. ಹೆಂಗಸರ ಜೊತೆ ಮಾತಾಡಲು ಹೆಂಗಸರೇ ಬೇಕು. ಇದು ಸೌಕರ್ಯದ ಮಾತಲ್ಲ. ಗಂಡಸು ಕೇಳಿದರೆ ಮೇಸ್ತ್ರಿಯೋ ಗಂಡನೋ ಮುಂದೆ ಬಂದು ಉತ್ತರ ಕೊಡುತ್ತಾನೆ.

ಹಂತ 1: ಪ್ರಶ್ನೆಯನ್ನು ಒಂದು ಕೆಲಸ, ಒಂದು ಜಾಗ, ಎರಡು ಬಾಗಿಲಿಗೆ ಇಳಿಸಿ

"ಬೆಂಗಳೂರಿನ ವಲಸಿಗರು" ಎಂಬ ಒಂದೇ ಗುಂಪು ಇಲ್ಲ. ಕಟ್ಟಡ ಕೆಲಸದವರು ಸೈಟಿನ ಶೆಡ್ಡಿನಲ್ಲಿ ಇರುತ್ತಾರೆ. ಕಟ್ಟಡ ಮುಗಿದರೆ ಶೆಡ್ಡೂ ಹೋಗುತ್ತದೆ. ಒಡಿಶಾ, ಜಾರ್ಖಂಡ್‌ನಿಂದ ಗಾರ್ಮೆಂಟ್ಸ್‌ಗೆ ಬರುವ ಹುಡುಗಿಯರು ಕಂಪನಿಯ ಹಾಸ್ಟೆಲಿನಲ್ಲಿ ಇರುತ್ತಾರೆ, ಹೊರಗೆ ಹೋಗಲೂ ಸಮಯದ ಕಟ್ಟು ಇರುತ್ತದೆ. ಮನೆಗೆಲಸದವರು ಬಾಡಿಗೆ ಕೋಣೆಗಳಲ್ಲಿ ಚದುರಿ ಹೋಗಿರುತ್ತಾರೆ. ಈ ಮೂವರ ನೆರೆಹೊರೆ ಬೇರೆ, ಅವರಿಗೆ ಸಿಗುವ ಕಾಗದ ಬೇರೆ, ಊರಿಗೆ ಹೋಗಿಬರುವ ಲೆಕ್ಕ ಬೇರೆ. ಒಂದೇ ಪ್ರಶ್ನಾವಳಿ ಹಿಡಿದು ಮೂವರ ಹತ್ತಿರವೂ ಹೋದರೆ ಸರಾಸರಿ ಬರುತ್ತದೆ, ಅರ್ಥ ಬರುವುದಿಲ್ಲ.

ಒಂದು ಕೆಲಸ ಆರಿಸಿ. ಒಂದೋ ಎರಡೋ ವಾರ್ಡ್ ಆರಿಸಿ. ಆಮೇಲೆ ಬಾಗಿಲು: ಪಡಿತರ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆ, ಕೂಲಿ, ಮತದಾನ, ಕಾರ್ಮಿಕ ಮಂಡಳಿ. ಇವುಗಳಲ್ಲಿ ಎರಡು ಸಾಕು. ಒಂದು ಸರ್ಕಾರದ ಬಾಗಿಲು, ಒಂದು ಸಮಾಜದ ಬಾಗಿಲು ಇರಲಿ. ಪಡಿತರ ಅಂಗಡಿ ಮತ್ತು ಬಾಡಿಗೆ ಮನೆ ಒಳ್ಳೆಯ ಜೋಡಿ. ಶಾಲೆ ಮತ್ತು ಮಕ್ಕಳ ಆಟದ ಜಾಗ ಇನ್ನೊಂದು.

ಎಚ್ಚರಿಕೆಯ ಗುರುತು: ನಿಮ್ಮ ಶೀರ್ಷಿಕೆಯಲ್ಲಿ "ಸಮಸ್ಯೆಗಳು ಮತ್ತು ಸವಾಲುಗಳು" ಎಂಬ ಪದ ಬಂದಿದ್ದರೆ ಪ್ರಶ್ನೆ ಇನ್ನೂ ಸಣ್ಣದಾಗಿಲ್ಲ.

ಹಂತ 2: ವಲಸಿಗ ಅಂದರೆ ಯಾರು ಎಂದು ಬರೆದಿಡಿ

ಜನಗಣತಿ ಹುಟ್ಟಿದ ಊರು ಮತ್ತು ಹಿಂದೆ ಇದ್ದ ಊರು ಎರಡನ್ನೂ ಕೇಳುತ್ತದೆ. ಆ ಲೆಕ್ಕದಲ್ಲಿ 2011ರಲ್ಲಿ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರು. ಆದರೆ ಅವರಲ್ಲಿ ದೊಡ್ಡ ಪಾಲು ಮದುವೆಯಾಗಿ ಬೇರೆ ಊರಿಗೆ ಹೋದ ಹೆಂಗಸರು. ಕಟ್ಟಡ ಕಾರ್ಮಿಕರ ಬಗ್ಗೆ ಬರೆಯುತ್ತಾ ಮೊದಲ ಸಾಲಿನಲ್ಲೇ ಈ 45 ಕೋಟಿ ಹಾಕುವವರು ತುಂಬ ಜನ. ಆ ಅಂಕಿಗೂ ನಿಮ್ಮ ಶೆಡ್ಡಿಗೂ ಸಂಬಂಧ ಇಲ್ಲ.

ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಒಂದು ಕಡೆ ಆರು ತಿಂಗಳು ಇದ್ದರೆ ಅದು ಖಾಯಂ ವಾಸದ ಊರು. 2007-08ರ 64ನೇ ಸುತ್ತಿನಲ್ಲಿ ಅಲ್ಪಾವಧಿ ವಲಸಿಗರನ್ನು ಬೇರೆಯಾಗಿ ಎಣಿಸಿದರು: ಕೆಲಸಕ್ಕಾಗಿ ಒಂದು ತಿಂಗಳಿಂದ ಆರು ತಿಂಗಳೊಳಗೆ ಹೊರಗಿದ್ದವರು. ಉತ್ತರ ಕರ್ನಾಟಕದ ಗುಳೆ ಹೆಚ್ಚಾಗಿ ಈ ಗುಂಪಿಗೆ ಬರುತ್ತದೆ. ಸುಗ್ಗಿ ಮುಗಿದ ಮೇಲೆ ಬಂದು, ಮಳೆ ಬಿದ್ದಾಗ ಹೋಗುವವರು ಖಾಯಂ ವಲಸಿಗರ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಕಾನೂನಿನ ಲೆಕ್ಕ ಇನ್ನೂ ಬೇರೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಗೆ ಬೇಕಾಗಿದ್ದದ್ದು ಎರಡು: ರಾಜ್ಯದ ಗಡಿ ದಾಟಿರಬೇಕು, ಗುತ್ತಿಗೆದಾರನ ಮೂಲಕ ಬಂದಿರಬೇಕು. ರಾಯಚೂರಿನಿಂದ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ಬಂದವನು ಇದರೊಳಗೆ ಬರುತ್ತಿರಲಿಲ್ಲ. ಹೊಸೂರಿನಿಂದ ಗಡಿ ದಾಟಿ ಬಂದವನು ಬರಬಹುದಿತ್ತು. ಈ ವಿಚಿತ್ರವೇ ಮುಂದೆ ನಿಮ್ಮ ಅಧ್ಯಯನದ ಬಲ ಆಗಲಿದೆ. 2025ರ ನವೆಂಬರ್ 21ರಂದು ಇಂಥ ಹಳೆಯ ಕಾಯ್ದೆಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಸ್ವಂತವಾಗಿ ಗಡಿ ದಾಟಿ ಬಂದವರನ್ನೂ ವ್ಯಾಖ್ಯೆಯೊಳಗೆ ತಂದರು. ಹಾಗಾಗಿ ನೀವು ಯಾವ ತಿಂಗಳ ಬಗ್ಗೆ ಬರೆಯುತ್ತಿದ್ದೀರಿ ಎಂಬುದೂ ಮುಖ್ಯ.

ನಿಮ್ಮ ವ್ಯಾಖ್ಯೆಯನ್ನು ಎರಡು ಸಾಲಿನಲ್ಲಿ ಬರೆದು ಗೋಡೆಗೆ ಅಂಟಿಸಿ. ಎಲ್ಲಿಂದ, ಎಷ್ಟು ತಿಂಗಳು, ಯಾರ ಮೂಲಕ. ಮಧ್ಯದಲ್ಲಿ ಬದಲಾಯಿಸಬೇಡಿ.

ಹಂತ 3: ಮೊದಲು ನಿಯಮಗಳ ನಕ್ಷೆ ಮಾಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಸಂದರ್ಶನ ಮುಗಿಸಿ ಆಮೇಲೆ ಯೋಜನೆಗಳ ಹೆಸರು ಹುಡುಕಿ ಒಂದು ಅಧ್ಯಾಯ ತುಂಬಿಸುತ್ತಾರೆ. ಹಾಗೆ ಮಾಡಿದರೆ "ಕಾರ್ಡ್ ಇಲ್ಲ ಅಂದ್ರು" ಎಂದು ಕಾರ್ಮಿಕ ಹೇಳಿದಾಗ ಯಾವ ಕಾರ್ಡು, ಕೊಡದೇ ಇರಲು ನಿಯಮ ಇದೆಯಾ ಇಲ್ವಾ ಎಂದು ಮರುಪ್ರಶ್ನೆ ಕೇಳಲು ನಿಮಗೆ ಬರುವುದಿಲ್ಲ.

ಸ್ಪ್ರೆಡ್‌ಶೀಟಿನಲ್ಲಿ ಪ್ರತಿ ಬಾಗಿಲಿಗೆ ಒಂದು ಸಾಲು ಮಾಡಿ. ಐದು ಕಾಲಂ: ಯಾರಿಗೆ ಸಿಗುತ್ತದೆ, ಯಾವ ಕಾಗದ ಬೇಕು, ಆ ಕಾಗದ ಕೊಡುವವರು ಯಾರು, ಯಾವ ದಿನಾಂಕದಿಂದ ಜಾರಿ, ರಾಜ್ಯದೊಳಗಿನವರಿಗೂ ಹೊರಗಿನವರಿಗೂ ವ್ಯತ್ಯಾಸ ಏನು. ಕೊನೆಯ ಕಾಲಂ ಖಾಲಿ ಬಿಡಬೇಡಿ.

ಪಡಿತರ ತೆಗೆದುಕೊಳ್ಳಿ. ಒಂದು ರಾಜ್ಯದ ಕಾರ್ಡಿಗೆ ಇನ್ನೊಂದು ರಾಜ್ಯದಲ್ಲೂ ಪಡಿತರ ಕೊಡುವ ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆ 2019ರಲ್ಲಿ ಕೆಲವೇ ರಾಜ್ಯಗಳ ನಡುವೆ ಶುರುವಾಯಿತು. ಕರ್ನಾಟಕ 2020ರ ಜನವರಿಯಲ್ಲಿ ಸೇರಿತು, ಬಿಹಾರ ಅದೇ ವರ್ಷ ಮೇ ತಿಂಗಳಲ್ಲಿ. ಅಸ್ಸಾಂ ಕೊನೆಯದು, 2022ರ ಜೂನ್. ಅಂದರೆ ಬೆಂಗಳೂರಿನ ಒಂದೇ ಸೈಟಿನಲ್ಲಿ ಒಂದೇ ಕೆಲಸ ಮಾಡುತ್ತಿದ್ದ ಬಿಹಾರದವನಿಗೂ ಅಸ್ಸಾಮಿನವನಿಗೂ ಸುಮಾರು ಎರಡು ವರ್ಷ ಬೇರೆ ಬೇರೆ ನಿಯಮ ಇತ್ತು. ಇನ್ನೊಂದು ವಿಷಯ. ಹೊರರಾಜ್ಯದ ಕಾರ್ಡಿಗೆ ಇಲ್ಲಿ ಸಿಗುವುದು ಆಹಾರ ಭದ್ರತಾ ಕಾಯ್ದೆಯ ಪಾಲು ಮಾತ್ರ. ಕರ್ನಾಟಕ ತನ್ನ ಕಾರ್ಡುದಾರರಿಗೆ ಸೇರಿಸಿ ಕೊಡುವುದು ಸಿಗುವುದಿಲ್ಲ.

ಬಸ್ಸು ಇನ್ನೊಂದು ಉದಾಹರಣೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಕರ್ನಾಟಕದ ವಿಳಾಸ ಇರುವ ಹೆಂಗಸರಿಗೆ ಮಾತ್ರ. ಯಾದಗಿರಿಯಿಂದ ಬಂದವಳು ಆಸ್ಪತ್ರೆಗೆ ಬಿಟ್ಟಿ ಹೋಗುತ್ತಾಳೆ. ಒಡಿಶಾದಿಂದ ಬಂದವಳು ಟಿಕೆಟ್ ತೆಗೆದುಕೊಳ್ಳುತ್ತಾಳೆ. ಇಬ್ಬರದ್ದೂ ಅದೇ ಶೆಡ್ಡು, ಅದೇ ಕೂಲಿ. ನೀತಿ ಬದುಕನ್ನು ಹೇಗೆ ತಿದ್ದುತ್ತದೆ ಎಂದು ನೋಡಲು ಇದಕ್ಕಿಂತ ಚೊಕ್ಕ ಜಾಗ ಸಿಗುವುದು ಕಷ್ಟ.

ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡಿನಲ್ಲಿ ತಡೆ ಬೇರೆ ಥರ. 1996ರ ಕಾಯ್ದೆ ಪ್ರಕಾರ (ಈಗ ಅದರ ಜಾಗದಲ್ಲಿ ಬಂದ ಸಂಹಿತೆಯಲ್ಲೂ ಇದೇ ನಿಯಮ) 18ರಿಂದ 60 ವಯಸ್ಸಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಯಾರೇ ಆಗಲಿ ನೋಂದಾಯಿಸಬಹುದು. ಯಾವ ರಾಜ್ಯದವರು ಎಂದು ಕಾಯ್ದೆ ಕೇಳುವುದಿಲ್ಲ. ಆದರೆ 90 ದಿನ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಊರೂರು ಸುತ್ತುವ ಕಾರ್ಮಿಕನಿಗೆ ಸಹಿ ಹಾಕಿಕೊಡುವವರು ಯಾರು? ನಿಯಮದ ಅಕ್ಷರದಲ್ಲಿ ಬಾಗಿಲು ತೆರೆದಿದೆ, ಪುರಾವೆಯಲ್ಲಿ ಮುಚ್ಚಿದೆ. ನಿಮ್ಮ ಮೂರನೇ ಕಾಲಂ ಇರುವುದು ಇದನ್ನು ಹಿಡಿಯಲಿಕ್ಕೆ.

ಶಾಲೆಯಲ್ಲಿ ಇದರ ತಿರುವು. ಶಿಕ್ಷಣ ಹಕ್ಕು ಕಾಯ್ದೆ ವರ್ಗಾವಣೆ ಪತ್ರ ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ಮಗುವಿಗೆ ಪ್ರವೇಶ ನಿರಾಕರಿಸುವ ಹಾಗಿಲ್ಲ ಎನ್ನುತ್ತದೆ. ಆದರೂ ಮುಖ್ಯ ಶಿಕ್ಷಕರು ಪತ್ರ ಕೇಳಿದರೆ ಅದು ಕಾನೂನಿನ ತಡೆಯಲ್ಲ, ಕೌಂಟರಿನ ತಡೆ. ಎರಡನ್ನೂ ಒಂದೇ ಕಡೆ ಸೇರಿಸಬೇಡಿ. ಪರಿಹಾರ ಬೇರೆ ಬೇರೆ ಅಲ್ವಾ?

ಮಾಹಿತಿ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಉತ್ತರಕ್ಕೆ 30 ದಿನ. ಹಾಗಾಗಿ ಈ ಕೆಲಸ ಮೊದಲ ವಾರವೇ ಆಗಬೇಕು. "ವಲಸಿಗರಿಗೆ ಏನು ಮಾಡಿದ್ದೀರಿ" ಎಂದು ಕೇಳಿದರೆ ಏನೂ ಬರುವುದಿಲ್ಲ. "ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಂಥ ಕಾರ್ಮಿಕ ವೃತ್ತದಲ್ಲಿ ಬಂದ ನೋಂದಣಿ ಅರ್ಜಿ ಎಷ್ಟು, ತಿರಸ್ಕರಿಸಿದ್ದು ಎಷ್ಟು, ಕಾರಣವಾರು" ಎಂದು ಕೇಳಿ.

ಹಂತ 4: ಹೋಲಿಸಲು ಎರಡನೇ ಗುಂಪು ಹುಡುಕಿ

ಹೋಲಿಕೆ ಇಲ್ಲದೆ ನೀತಿಯ ಪರಿಣಾಮದ ಬಗ್ಗೆ ಒಂದು ವಾಕ್ಯವನ್ನೂ ಬರೆಯಬೇಡಿ. ಒಡಿಶಾದ ಮೂವತ್ತು ಜನರನ್ನು ಕೇಳಿ "ಇಪ್ಪತ್ತು ಜನರಿಗೆ ಪಡಿತರ ಸಿಗುತ್ತಿಲ್ಲ" ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಅದೇ ಗಲ್ಲಿಯ ಸ್ಥಳೀಯ ಬಡವರಿಗೆ ಸಿಗುತ್ತಿದೆಯಾ? ಅವರಿಗೂ ಸಿಗುತ್ತಿಲ್ಲ ಎಂದರೆ ಅದು ವಲಸೆಯ ಸಮಸ್ಯೆ ಅಲ್ಲ, ಆ ಅಂಗಡಿಯ ಸಮಸ್ಯೆ.

ಬೆಂಗಳೂರಿನಲ್ಲಿ ಅಧ್ಯಯನ ಮಾಡುವವರಿಗೆ ಒಂದು ಅಪರೂಪದ ಅನುಕೂಲ ಇದೆ. ಒಂದೇ ಸೈಟಿನಲ್ಲಿ ಕಲ್ಯಾಣ ಕರ್ನಾಟಕದವರು ಮತ್ತು ಹೊರರಾಜ್ಯದವರು ಇಬ್ಬರೂ ಸಿಗುತ್ತಾರೆ. ಇಬ್ಬರೂ ದೂರದಿಂದ ಬಂದವರು, ಇಬ್ಬರೂ ಬಡವರು, ಇಬ್ಬರೂ ಮೇಸ್ತ್ರಿಯ ಕೈಕೆಳಗೆ. ಆದರೆ ಒಬ್ಬರಿಗೆ ಕರ್ನಾಟಕದ ಪಡಿತರ ಚೀಟಿ, ಕರ್ನಾಟಕದ ಮತ, ಬಿಟ್ಟಿ ಬಸ್ಸು, ಗೃಹಲಕ್ಷ್ಮಿ ಇದೆ. ಇನ್ನೊಬ್ಬರಿಗೆ ಇಲ್ಲ. ರಾಜ್ಯದ ಗಡಿ ಇಲ್ಲಿ ನಿಮಗಾಗಿ ಒಂದು ಪ್ರಯೋಗ ಮಾಡಿಟ್ಟಿದೆ.

ಈ ಹೋಲಿಕೆಯಲ್ಲಿ ದೊಡ್ಡ ಗುಂಡಿಯೂ ಇದೆ. ಕಾಗದ ಮಾತ್ರವಲ್ಲ, ಭಾಷೆಯೂ ಬೇರೆ. ರಾಯಚೂರಿನವನು ಅಂಗಡಿಯವನ ಜೊತೆ ಜಗಳ ಆಡಬಲ್ಲ, ಒಡಿಶಾದವನಿಗೆ ಅದು ಕಷ್ಟ. ಹಾಗಾದರೆ ಪಡಿತರ ಸಿಕ್ಕಿದ್ದು ಕಾರ್ಡಿನಿಂದಲೋ ಕನ್ನಡದಿಂದಲೋ? ಇದನ್ನು ಬಿಡಿಸಲು ಮೂರನೇ ಗುಂಪು ಬೇಕಾಗುತ್ತದೆ. ಆಂಧ್ರದ ಅನಂತಪುರ, ಕರ್ನೂಲು ಕಡೆಯಿಂದ ಬಂದು ಕನ್ನಡ ಬಲ್ಲವರು ಸಿಗುತ್ತಾರೆ: ಭಾಷೆ ಇದೆ, ಕರ್ನಾಟಕದ ಕಾರ್ಡಿಲ್ಲ. ಹತ್ತು ವರ್ಷದಿಂದ ಇಲ್ಲೇ ಇದ್ದು ಇಲ್ಲಿನ ವಿಳಾಸ ಮಾಡಿಸಿಕೊಂಡ, ಕನ್ನಡ ಸರಿಯಾಗಿ ಬಾರದ ಬಿಹಾರದವರೂ ಸಿಗುತ್ತಾರೆ: ಕಾರ್ಡಿದೆ, ಭಾಷೆ ಇಲ್ಲ. ಪ್ರತಿ ಗುಂಪಿನಲ್ಲಿ ಐದಾರು ಜನ ಸಿಕ್ಕರೂ ನಿಮ್ಮ ಅಧ್ಯಯನ ಸಾಮಾನ್ಯ ಪ್ರಬಂಧಗಳಿಗಿಂತ ಬಹಳ ಮುಂದೆ ಹೋಗುತ್ತದೆ.

ಜಾತಿಯನ್ನು ಮರೆಯಬೇಡಿ. ಕಲ್ಯಾಣ ಕರ್ನಾಟಕದಿಂದ ಗುಳೆ ಬರುವವರಲ್ಲಿ ದಲಿತರು, ಲಂಬಾಣಿಗಳು ಜಾಸ್ತಿ. ಬಾಡಿಗೆ ಮನೆ ಸಿಗದಿದ್ದರೆ ಅದು ವಲಸೆಯ ಕಾರಣಕ್ಕಾ, ಜಾತಿಯ ಕಾರಣಕ್ಕಾ? ನಿಮ್ಮ ಗುಂಪುಗಳಲ್ಲಿ ಜಾತಿಯ ಹಂಚಿಕೆ ತೀರಾ ಬೇರೆ ಇದ್ದರೆ ಹೋಲಿಕೆ ಸೋರಿಹೋಗುತ್ತದೆ.

ಬೇರೆ ರಾಜ್ಯದ ನೀತಿಯ ಜೊತೆ ಹೋಲಿಸುವುದಾದರೆ ಕೇರಳ ಒಳ್ಳೆಯದು. ಅಲ್ಲಿ 2017ರಲ್ಲಿ ವಲಸೆ ಕಾರ್ಮಿಕರಿಗೆ ಆವಾಸ್ ವಿಮೆ ಬಂತು, ಸಾಕ್ಷರತಾ ಮಿಷನ್ ಅವರಿಗೆ ಮಲಯಾಳಂ ಕಲಿಸುವ ಚಂಗಾತಿ ಕಾರ್ಯಕ್ರಮ ಶುರುಮಾಡಿತು. ಗೋವಾದಲ್ಲಿ ಕನ್ನಡಿಗರೇ ವಲಸಿಗರು. ವಾಸ್ಕೋದ ಬೈನಾ, ಝುವಾರಿನಗರದ ಕನ್ನಡಿಗರಿಗೆ ಅಲ್ಲಿನ ವಾಸದ ಪ್ರಮಾಣಪತ್ರ ಎಷ್ಟು ಕಷ್ಟ ಎಂದು ತಿಳಿದರೆ ಇಲ್ಲಿಗೆ ಬಂದವರ ಪ್ರಶ್ನೆಯನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಹಂತ 5: ಬೆರೆಯುವುದನ್ನು ಅಳೆಯುವ ಗುರುತುಗಳು

ಏಜರ್ ಮತ್ತು ಸ್ಟ್ರ್ಯಾಂಗ್ ಎಂಬ ಸಂಶೋಧಕರು 2008ರಲ್ಲಿ ಕೊಟ್ಟ ಚೌಕಟ್ಟು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬ್ರಿಟನ್ನಿನ ನಿರಾಶ್ರಿತರಿಗಾಗಿ ಮಾಡಿದ್ದು. ಕೆಲಸ, ಮನೆ, ಶಿಕ್ಷಣ, ಆರೋಗ್ಯ ಒಂದು ಕಡೆ. ನಮ್ಮವರ ಜೊತೆ ನಂಟು, ಬೇರೆಯವರ ಜೊತೆ ನಂಟು, ಸರ್ಕಾರದ ಜೊತೆ ನಂಟು ಇನ್ನೊಂದು ಕಡೆ. ಜೊತೆಗೆ ಭಾಷೆ, ಸುರಕ್ಷತೆ, ಎಲ್ಲದರ ಕೆಳಗೆ ಹಕ್ಕು. ಅದನ್ನು ಹಾಗೇ ಎತ್ತಿ ಇಲ್ಲಿ ಹಾಕಬೇಡಿ. ಅಲ್ಲಿನ ಪ್ರಶ್ನೆ ಪೌರತ್ವದ್ದು. ಇಲ್ಲಿ ಬಂದವರೆಲ್ಲ ನಾಗರಿಕರೇ, ಆದರೆ ಸವಲತ್ತು ವಿಳಾಸಕ್ಕೆ ಅಂಟಿಕೊಂಡಿದೆ.

ಗುರುತುಗಳು ನಡೆದ ಘಟನೆಯಾಗಿರಲಿ, ಅನಿಸಿಕೆ ಆಗದಿರಲಿ. "ನಿಮಗೆ ಇಲ್ಲಿ ಒಗ್ಗಿದೆಯಾ?" ಎಂದರೆ "ಹೂಂ ಸಾರ್" ಎನ್ನುತ್ತಾರೆ. ಅದರ ಬದಲು ಹೀಗೆ ಕೇಳಿ: ಕಳೆದ ಸಲ ಮಗುವಿಗೆ ರಾತ್ರಿ ಜ್ವರ ಬಂದಾಗ ಯಾರಿಗೆ ಹೇಳಿದಿರಿ? ಕೂಲಿ ತಡವಾದಾಗ ಯಾರ ಹತ್ತಿರ ಹೋದಿರಿ? ಈ ವರ್ಷ ನಿಮ್ಮ ಊರಿನವರಲ್ಲದ ಯಾರ ಮನೆಯ ಮದುವೆಗೋ ಹಬ್ಬಕ್ಕೋ ಹೋಗಿದ್ದೀರಾ? ಮಗ ಶಾಲೆ ಬಿಟ್ಟ ಮೇಲೆ ಯಾರ ಜೊತೆ ಆಡುತ್ತಾನೆ, ಯಾವ ಭಾಷೆಯಲ್ಲಿ?

ಕಾರ್ಡುಗಳನ್ನು ಎಣಿಸಿ ಅದನ್ನೇ ಬೆರೆತ ಪ್ರಮಾಣ ಎನ್ನಬೇಡಿ. 2021ರ ಆಗಸ್ಟ್ 26ರಂದು ಅಸಂಘಟಿತ ಕಾರ್ಮಿಕರ ನೋಂದಣಿಗೆ ಇ-ಶ್ರಮ್ ಪೋರ್ಟಲ್ ಶುರುವಾದ ಮೇಲೆ ಕೋಟಿಗಟ್ಟಲೆ ಜನ ಹೆಸರು ಬರೆಸಿದ್ದಾರೆ. ಆ ಕಾರ್ಡಿನಿಂದ ಇಲ್ಲಿ ಯಾವ ಬಾಗಿಲು ತೆರೆಯಿತು ಎಂದು ಕೇಳಿದಾಗ ಮಾತ್ರ ಅದಕ್ಕೆ ಅರ್ಥ.

ಹಾಗೆಯೇ, ಪಡಿತರವನ್ನು ಬೆಂಗಳೂರಿನಲ್ಲಿ ತೆಗೆದುಕೊಳ್ಳದವರೆಲ್ಲ ವಂಚಿತರಲ್ಲ. ಊರಲ್ಲಿ ಅಪ್ಪ ಅಮ್ಮ ಅದೇ ಕಾರ್ಡಿನ ಅಕ್ಕಿ ಉಣ್ಣುತ್ತಿರಬಹುದು. ಮನೆಯವರು ಯೋಚಿಸಿ ಮಾಡಿದ ತೀರ್ಮಾನ ಅದು. ಕೇಳದೆ "ತಲುಪಿಲ್ಲ" ಕಾಲಮಿಗೆ ಹಾಕಬೇಡಿ.

ಹಂತ 6: ಒಳಗೆ ಹೋಗುವ ದಾರಿ ಮತ್ತು ಅವರ ಸುರಕ್ಷತೆ

ಸೈಟಿಗೆ ಹೋಗಲು ಸುಲಭದ ದಾರಿ ಗುತ್ತಿಗೆದಾರ. ಆದಷ್ಟು ಆ ದಾರಿ ಬೇಡ. ಅವನು ಕಳಿಸಿಕೊಟ್ಟವರನ್ನೇ ನೀವು ಮಾತಾಡಿಸುತ್ತೀರಿ, ಅವರು ಅವನಿಗೆ ಬೇಕಾದ್ದನ್ನೇ ಹೇಳುತ್ತಾರೆ. ಮುಂಗಡ ತೆಗೆದುಕೊಂಡವನಿಗೆ ಬೇರೆ ದಾರಿಯೂ ಇಲ್ಲ. ಕಾರ್ಮಿಕ ಸಂಘಟನೆ, ವಲಸಿಗರ ಮಕ್ಕಳಿಗೆಂದು ನಡೆಯುವ ಟೆಂಟ್ ಶಾಲೆಯ ಶಿಕ್ಷಕಿ, ಆಶಾ ಕಾರ್ಯಕರ್ತೆ, ಶೆಡ್ಡಿನ ಎದುರಿನ ಕಿರಾಣಿ ಅಂಗಡಿ ಇವು ಒಳ್ಳೆಯ ದಾರಿಗಳು.

ಹೆಸರುಗಳ ಪಟ್ಟಿ ಯಾರ ಹತ್ತಿರವೂ ಇರುವುದಿಲ್ಲ. ಹಾಗಾಗಿ ಜಾಗ ಮತ್ತು ಹೊತ್ತಿನ ಪಟ್ಟಿ ಮಾಡಿಕೊಳ್ಳಿ: ಬೆಳಗಿನ ಏಳಕ್ಕೆ ಕೂಲಿ ಅಡ್ಡೆ, ಸಂಜೆ ನೀರಿನ ನಲ್ಲಿ, ಭಾನುವಾರ ಮಧ್ಯಾಹ್ನ ಶೆಡ್ಡು, ವಾರದ ಸಂತೆ. ಚೀಟಿ ಎತ್ತಿ ಯಾವ ದಿನ ಎಲ್ಲಿಗೆ ಎಂದು ತೀರ್ಮಾನಿಸಿ. ಮನೆಗೆಲಸದವರಂತೆ ಚದುರಿ ಇರುವವರಾದರೆ ಮಾತಾಡಿದ ಒಬ್ಬೊಬ್ಬರಿಂದ ಇಬ್ಬರು ಮೂವರ ಪರಿಚಯ ಕೇಳಿ, ಅದಕ್ಕಿಂತ ಜಾಸ್ತಿ ಬೇಡ. ಒಬ್ಬಳೇ ಹತ್ತು ಜನರನ್ನು ಕರೆತಂದರೆ ಅವರೆಲ್ಲ ಒಂದೇ ಊರಿನವರಾಗಿರುತ್ತಾರೆ.

ವಾರದ ದಿನ ಹಗಲು ಹೊತ್ತು ಶೆಡ್ಡಿಗೆ ಹೋದರೆ ಸಿಗುವುದು ಬಾಣಂತಿಯರು, ವಯಸ್ಸಾದವರು, ಹುಷಾರಿಲ್ಲದವರು. ಆ ಮಾತುಗಳನ್ನಷ್ಟೇ ಹಿಡಿದು "ವಲಸಿಗರ ಅಭಿಪ್ರಾಯ" ಎಂದು ಬರೆದವರು ಇದ್ದಾರೆ.

ಈಗ ಎಲ್ಲಕ್ಕಿಂತ ಗಂಭೀರವಾದ ಮಾತು. ಬಂಗಾಳಿ ಮಾತಾಡುವವರನ್ನು ಬಾಂಗ್ಲಾದೇಶಿಗಳು ಎಂದು ಅನುಮಾನಿಸುವ ವಾತಾವರಣ ನಮ್ಮ ಊರಲ್ಲಿದೆ. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಇದೇ ಹೆಸರಿನಲ್ಲಿ ಗುಡಿಸಲುಗಳನ್ನು ಕೆಡವಿದರು. ಅಲ್ಲಿ ಮನೆ ಕಳೆದುಕೊಂಡವರಲ್ಲಿ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ವಿಷಯ ಹೈಕೋರ್ಟಿಗೆ ಹೋಯಿತು. ಇಂಥ ಕಡೆ ನೀವು ನೋಟ್ ಪುಸ್ತಕ ಹಿಡಿದು "ಆಧಾರ್ ತೋರಿಸಿ" ಎಂದರೆ ಆ ಶೆಡ್ಡಿನ ಜನ ರಾತ್ರಿ ನಿದ್ದೆ ಮಾಡುವುದಿಲ್ಲ.

ಆದ್ದರಿಂದ ಗುರುತಿನ ಚೀಟಿ ನೋಡಬೇಡಿ, ಫೋಟೋ ತೆಗೆಯಬೇಡಿ, ನಂಬರ್ ಬರೆದುಕೊಳ್ಳಬೇಡಿ. ಹೆಸರಿನ ಬದಲು ಸಂಕೇತ ಹಾಕಿ, ಸಂಕೇತದ ಪಟ್ಟಿಯನ್ನು ಬೇರೆ ಕಡೆ ಇಡಿ. ಶೆಡ್ಡಿನ ಖಚಿತ ಜಾಗ ವರದಿಯಲ್ಲಿ ಬೇಡ. ಒಪ್ಪಿಗೆಯನ್ನು ಬಾಯಿಮಾತಲ್ಲಿ ಪಡೆಯಿರಿ. ಸಹಿ ಹಾಕಿಸಿಕೊಳ್ಳುವುದು ಭಯ ಹುಟ್ಟಿಸುತ್ತದೆ. ಸರ್ಕಾರದಿಂದ ಏನಾದರೂ ಕೊಡಿಸುತ್ತೀರಾ ಎಂದು ಕೇಳಿಯೇ ಕೇಳುತ್ತಾರೆ. ಇಲ್ಲ ಎಂದು ನೇರ ಹೇಳಿ. ಸಹಾಯವಾಣಿ, ಕಾರ್ಮಿಕ ಇಲಾಖೆಯ ಕಚೇರಿ, ಹತ್ತಿರದ ಸಂಘಟನೆಯ ವಿಳಾಸ ಇರುವ ಒಂದು ಚೀಟಿ ಕೊಡಿ.

ಎಚ್ಚರಿಕೆಯ ಗುರುತು: ನೀವು ಬಂದ ತಕ್ಷಣ ಮಾತು ನಿಂತರೆ, ಯಾರೋ ಫೋನ್ ಮಾಡಲು ಪಕ್ಕಕ್ಕೆ ಹೋದರೆ, ಎಲ್ಲರೂ ಒಂದೇ ಉತ್ತರ ಕೊಡಲು ಶುರುಮಾಡಿದರೆ ಅವತ್ತಿನ ಕೆಲಸ ಅಲ್ಲಿಗೇ ನಿಲ್ಲಿಸಿ ಹೊರಡಿ.

ಹಂತ 7: ಸಂದರ್ಶನ

ಪ್ರಶ್ನಾವಳಿಗಿಂತ ಮೊದಲು ಬದುಕಿನ ಕ್ಯಾಲೆಂಡರ್ ಮಾಡಿ. ಒಂದು ಹಾಳೆಯಲ್ಲಿ ವರ್ಷಗಳ ಗೆರೆ ಎಳೆಯಿರಿ. ಯಾವಾಗ ಮೊದಲ ಸಲ ಬಂದಿರಿ, ಯಾರ ಜೊತೆ, ಎಲ್ಲಿ ಉಳಿದಿರಿ, ಯಾವಾಗ ಊರಿಗೆ ಹೋದಿರಿ. ತಾರೀಖು ನೆನಪಿರುವುದಿಲ್ಲ. ನೋಟು ರದ್ದಾದಾಗ ಎಲ್ಲಿದ್ದಿರಿ, ಲಾಕ್‌ಡೌನ್ ಆದಾಗ ಎಲ್ಲಿದ್ದಿರಿ ಎಂದರೆ ತಟ್ಟನೆ ಹೇಳುತ್ತಾರೆ. ಉಗಾದಿ, ದುರ್ಗಾಪೂಜೆ, ಛಠ್ ಹಬ್ಬಗಳೂ ಕೈಹಿಡಿಯುತ್ತವೆ. ನಿಯಮಗಳ ದಿನಾಂಕವನ್ನು ಇದೇ ಹಾಳೆಯ ಕೆಳಗೆ ನೀವು ಆಮೇಲೆ ಬರೆದುಕೊಳ್ಳಿ. ಬದುಕು ತಿರುಗಿದ ಜಾಗ ಮತ್ತು ನಿಯಮ ಬದಲಾದ ಜಾಗ ಎಷ್ಟು ಹತ್ತಿರ ಇವೆ ಎಂದು ಕಣ್ಣಿಗೇ ಕಾಣುತ್ತದೆ.

ಲಾಕ್‌ಡೌನ್ ಬಗ್ಗೆ ಕೇಳುವಾಗ ತಿಳಿದು ಕೇಳಿ. 2020ರ ಮೇ ಮೊದಲ ವಾರ ಕರ್ನಾಟಕ ಸರ್ಕಾರ ಬಿಲ್ಡರ್‌ಗಳ ಜೊತೆ ಸಭೆ ನಡೆಸಿ, ವಲಸಿಗರನ್ನು ಊರಿಗೆ ಕರೆದೊಯ್ಯುವ ಶ್ರಮಿಕ್ ರೈಲುಗಳನ್ನು ರದ್ದು ಮಾಡಿಸಿತ್ತು. ಟೀಕೆ ಬಂದ ಮೇಲೆ ಎರಡು ದಿನದಲ್ಲಿ ಮತ್ತೆ ಬಿಡಿಸಿತು. ಆ ದಿನಗಳಲ್ಲಿ ಇಲ್ಲಿ ಸಿಕ್ಕಿಹಾಕಿಕೊಂಡವರು ಈ ಊರಿನ ಬಗ್ಗೆ ಇಟ್ಟುಕೊಂಡಿರುವ ನಂಬಿಕೆಯೋ ಅಪನಂಬಿಕೆಯೋ ಅಲ್ಲಿಂದಲೇ ಬಂದಿರಬಹುದು.

ಒಂದೇ ಸಲಕ್ಕೆ ಎಲ್ಲ ಕೇಳಬೇಡಿ. ಎರಡು ಭೇಟಿ ಆಗಬೇಕು. ಮೊದಲ ಭೇಟಿಯಲ್ಲಿ "ತೊಂದರೆ ಏನಿಲ್ಲ" ಅಂದವರು ಎರಡನೇ ಸಲ ಬಿಚ್ಚಿ ಮಾತಾಡುತ್ತಾರೆ. ಸ್ನಾತಕೋತ್ತರ ಪ್ರಬಂಧಕ್ಕೆ ಎರಡು ಗುಂಪು ಸೇರಿ ಮೂವತ್ತರಿಂದ ನಲವತ್ತು ಮನೆ ಸಾಕು ಎಂಬುದು ನನ್ನ ಅಭಿಪ್ರಾಯ. ಇನ್ನೂರು ಜನರ ಹತ್ತಿರ ಹತ್ತು ನಿಮಿಷ ಮಾತಾಡುವುದಕ್ಕಿಂತ ಇದು ಮೇಲು.

ಹಂತ 8: ಕೌಂಟರಿನ ಆ ಕಡೆ ಹೋಗಿ

ಬೆರೆಯುವುದು ಬಂದವರೊಬ್ಬರ ಕೆಲಸವಲ್ಲ. ಒಳಗೆ ಬಿಡುವವರೂ ಇದ್ದಾರೆ. ಆದರೂ ಪ್ರಬಂಧಗಳಲ್ಲಿ ಊರಿನವರ ಧ್ವನಿ ಇರುವುದೇ ಇಲ್ಲ. ಪಡಿತರ ಅಂಗಡಿಯವರು, ಮುಖ್ಯ ಶಿಕ್ಷಕಿ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್, ಮನೆ ಬಾಡಿಗೆಗೆ ಕೊಡುವವರು, ಕಾರ್ಮಿಕ ನಿರೀಕ್ಷಕರು. ಎಂಟು ಹತ್ತು ಜನ ಸಾಕು.

"ನೀವು ಭೇದ ಮಾಡುತ್ತೀರಾ" ಎಂದು ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ. ಒಂದು ಸನ್ನಿವೇಶ ಕೊಡಿ. "ಜುಲೈ ತಿಂಗಳಲ್ಲಿ ಎಂಟು ವರ್ಷದ ಹುಡುಗಿ, ಅಸ್ಸಾಮಿನವಳು, ಯಾವ ಕಾಗದವೂ ಇಲ್ಲ, ಅಮ್ಮ ಕರೆದುಕೊಂಡು ಬಂದಿದ್ದಾಳೆ. ಮೊದಲು ಏನು ಮಾಡುತ್ತೀರಿ?" ಎಂದು ಕೇಳಿ. ಉತ್ತರದಲ್ಲಿ ಅವರ ಮೇಲಿರುವ ಒತ್ತಡವೂ ಹೊರಬರುತ್ತದೆ: ಹಾಜರಾತಿಯ ಆನ್‌ಲೈನ್ ದಾಖಲೆ, ಮೂರು ತಿಂಗಳಲ್ಲಿ ಮಗು ಬಿಟ್ಟುಹೋದರೆ ಬರುವ ವಿವರಣೆ ಪತ್ರ, ಯಾವ ತರಗತಿಗೆ ಕೂರಿಸುವುದು ಎಂಬ ಗೊಂದಲ. ಅಂಥವರನ್ನು ಕೆಟ್ಟವರು ಎಂದು ಚಿತ್ರಿಸಿ ಮುಗಿಸಿದರೆ ತಡೆಯ ನಿಜವಾದ ಕಾರಣ ನಿಮ್ಮ ಕೈತಪ್ಪುತ್ತದೆ.

ಸ್ಥಳೀಯರ ಅಸಮಾಧಾನವನ್ನೂ ಗೌರವದಿಂದ ಕೇಳಿ. 2024ರ ಜುಲೈನಲ್ಲಿ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಂಪುಟ ಒಪ್ಪಿತು, ಕೆಲವೇ ದಿನದಲ್ಲಿ ಅದನ್ನು ತಡೆಹಿಡಿದರು. ಆ ಚರ್ಚೆಯಲ್ಲಿ ಇಂಜಿನಿಯರೂ ಗಾರೆ ಕೆಲಸದವನೂ "ಹೊರಗಿನವರು" ಎಂಬ ಒಂದೇ ಮಾತಿನೊಳಗೆ ಸೇರಿಹೋದರು. ನಿಮ್ಮ ಮುಂದೆ ಮಾತಾಡುವ ವ್ಯಕ್ತಿ ಯಾರನ್ನು ನೆನೆಸಿಕೊಂಡು ಮಾತಾಡುತ್ತಿದ್ದಾರೆ ಎಂದು ಬಿಡಿಸಿ ಕೇಳಿ.

ಹಂತ 9: ನೀತಿಯಿಂದಲೇ ಆಯಿತಾ ಎಂದು ಪರೀಕ್ಷಿಸಿ

ಪ್ರತಿ ವ್ಯಕ್ತಿಯ ಪ್ರತಿ ಬಾಗಿಲಿಗೆ ನಾಲ್ಕರಲ್ಲಿ ಒಂದು ಗುರುತು ಹಾಕಿ. ಒಂದು, ನಿಯಮವೇ ಹೊರಗಿಟ್ಟಿದೆ. ಎರಡು, ನಿಯಮ ಒಳಗೆ ಬಿಡುತ್ತದೆ, ಕೌಂಟರಿನಲ್ಲಿ ತಡೆದರು. ಮೂರು, ಅವರು ಹೋಗಲೇ ಇಲ್ಲ. ನಾಲ್ಕು, ಸಿಕ್ಕಿತು. ಮೂರನೆಯದಕ್ಕೆ ಕಾರಣ ಬರೆಯದೆ ಬಿಡಬೇಡಿ. ಒಂದು ದಿನದ ಕೂಲಿ ಹೋಗುತ್ತದೆ ಎಂದು ಹೋಗದವರು ಮತ್ತು ಗೊತ್ತೇ ಇಲ್ಲದೆ ಹೋಗದವರು ಬೇರೆ. "ಅರಿವು ಮೂಡಿಸಬೇಕು" ಎಂಬ ಸಲಹೆ ಈ ಎರಡನೆಯವರಿಗೆ ಮಾತ್ರ ಹೊಂದುತ್ತದೆ.

ಈ ಪಟ್ಟಿ ಮುಗಿದಾಗ ಬಾಗಿಲಿನಿಂದ ಬಾಗಿಲಿಗೆ ಚಿತ್ರ ಬದಲಾಗುವುದು ಕಾಣುತ್ತದೆ. ಬಸ್ಸಿನಲ್ಲಿ ಒಂದನೇ ಗುರುತು ಜಾಸ್ತಿ ಇರಬಹುದು, ಶಾಲೆಯಲ್ಲಿ ಎರಡನೆಯದು, ಲೇಬರ್ ಕಾರ್ಡಿನಲ್ಲಿ ಮೂರನೆಯದು.

ಆಮೇಲೆ ನಿಮ್ಮ ತೀರ್ಮಾನವನ್ನು ನೀವೇ ಕೆಡವಲು ನೋಡಿ. 2020ರ ನಂತರ ಪಡಿತರ ಹೆಚ್ಚು ಜನರಿಗೆ ಸಿಕ್ಕಿದ್ದರೆ ಅದು ಹೊಸ ವ್ಯವಸ್ಥೆಯಿಂದಲೋ, ಕೋವಿಡ್ ಕಾಲದ ವಿಶೇಷ ಹಂಚಿಕೆಯಿಂದಲೋ? ಬಿಹಾರ ಮತ್ತು ಅಸ್ಸಾಂ ಸೇರಿದ ದಿನಾಂಕಗಳ ಅಂತರ ಇಲ್ಲಿ ಸಹಾಯಕ್ಕೆ ಬರುತ್ತದೆ. ಕೋವಿಡ್ ಇಬ್ಬರಿಗೂ ಒಂದೇ, ನಿಯಮ ಬೇರೆ.

ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ಕಾಣದವರ ಗೈರು. ಹತ್ತು ವರ್ಷದಿಂದ ಇಲ್ಲಿರುವವರು ಚೆನ್ನಾಗಿ ಬೆರೆತಿದ್ದಾರೆ, ಹಾಗಾಗಿ ಕಾಲ ಕಳೆದಂತೆ ಬೆರೆಯುತ್ತಾರೆ ಎಂದು ಬರೆದುಬಿಡುತ್ತಾರೆ. ಬೆರೆಯಲಾಗದವರು ಮೂರನೇ ವರ್ಷವೇ ವಾಪಸ್ ಹೋಗಿದ್ದಾರೆ. ಅವರು ಬೆಂಗಳೂರಿನಲ್ಲಿ ಸಿಗುವುದಿಲ್ಲ. ಸಾಧ್ಯವಾದರೆ ಒಂದು ಊರಿಗೆ ಹೋಗಿ. ಯಾದಗಿರಿ, ರಾಯಚೂರು ನಮಗೆ ರಾತ್ರಿ ಬಸ್ಸಿನ ದೂರ. ಗುಳೆ ಬಿಟ್ಟು ವಾಪಸ್ ಬಂದ ನಾಲ್ಕು ಮನೆಯವರ ಮಾತು ಇಡೀ ಅಧ್ಯಾಯ ತಿದ್ದಬಲ್ಲದು.

ಹಂತ 10: ಬರೆಯುವುದು ಮತ್ತು ವಾಪಸ್ ಕೊಡುವುದು

ವರದಿಯನ್ನು ಬಾಗಿಲಿನ ಪ್ರಕಾರ ಬರೆಯಿರಿ, ಯೋಜನೆಗಳ ಪ್ರಕಾರ ಬೇಡ. ಪ್ರತಿ ಸಲಹೆಗೂ ಒಂದು ಕಚೇರಿ, ಒಂದು ನಿಯಮ, ಒಂದು ಕಾಗದ ಹೆಸರಿಸಿ. "ಸರ್ಕಾರ ಗಮನ ಹರಿಸಬೇಕು" ಎಂದು ಬರೆದರೆ ಅದು ಯಾರ ಮೇಜಿಗೂ ಹೋಗುವುದಿಲ್ಲ. "90 ದಿನದ ಪುರಾವೆಗೆ ಕೂಲಿ ಚೀಟಿ, ಸೈಟಿನ ಹಾಜರಿ ಪುಸ್ತಕದ ಪ್ರತಿ ಒಪ್ಪಬೇಕು" ಎಂದು ಬರೆದರೆ ಅದು ಮಂಡಳಿಯ ಮೇಜಿಗೆ ಹೋಗುತ್ತದೆ. ನಿಮ್ಮ ಮಾದರಿ ಸಣ್ಣದಾದರೆ ಶೇಕಡಾವಾರು ಹಾಕಬೇಡಿ, "34 ಜನರಲ್ಲಿ 11" ಎಂಬ ರೀತಿ ಬರೆಯಿರಿ.

ಕರಡು ಹಂತದಲ್ಲೇ ಮಾತಾಡಿದವರ ಹತ್ತಿರ ವಾಪಸ್ ಹೋಗಿ, ಮುಖ್ಯ ಮಾತುಗಳನ್ನು ಅವರ ಭಾಷೆಯಲ್ಲಿ ಓದಿ ಹೇಳಿ. "ಹಂಗಲ್ಲ ಅದು" ಎಂದು ಅವರು ತಿದ್ದುವ ಕಡೆಯೇ ನಿಮಗೆ ತಪ್ಪು ಅರ್ಥವಾಗಿದ್ದ ಕಡೆ. ಕಟ್ಟಡದ ಕೆಲಸ ಯಾವ ತಿಂಗಳು ಮುಗಿಯುತ್ತದೆ ಎಂದು ಮೊದಲ ದಿನವೇ ಕೇಳಿಟ್ಟುಕೊಂಡು, ಆ ತಿಂಗಳಿಗಿಂತ ಮುಂಚೆ ಬರುವ ಹಾಗೆ ಈ ಭೇಟಿಯನ್ನು ವೇಳಾಪಟ್ಟಿಯಲ್ಲಿ ಹಾಕಿ. ಮುದ್ರಿಸಿದ ಪ್ರತಿಗಳಲ್ಲಿ ಒಂದು ಟೆಂಟ್ ಶಾಲೆಗೆ, ಒಂದು ಸಂಘಟನೆಗೆ, ಒಂದು ಆ ವೃತ್ತದ ಕಾರ್ಮಿಕ ಕಚೇರಿಗೆ ಹೋಗಲಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ.